ಅಪ್ಪನ ರಿಪೋರ್ಟಿನಲ್ಲಿ 0.4 ಎಲ್ಲಿಂದ ಬಂತು?

ಜಪಾನಿನಲ್ಲೇ ಬೆಳೆದ ನಿಮ್ಮಲ್ಲಿ ಹಲವರಿಗೆ ಮನೆಯಲ್ಲಿ ಒಂದು ಕೆಲಸ ಕಾಯಂ ಆಗಿರುತ್ತದೆ. ಅಪ್ಪ ಅಮ್ಮನ ವಾರ್ಷಿಕ ‘ಕೆಂಕೋ ಶಿಂದಾನ್’ ರಿಪೋರ್ಟ್ ಬಂದರೆ ಅದನ್ನು ಓದಿ ಹೇಳುವವರು ನೀವೇ, ಏಕೆಂದರೆ ಕಾಂಜಿ ಬರುವುದು ನಿಮಗೆ. ಅದರಲ್ಲಿ ಎಚ್‌ಬಿಎ1ಸಿ ಎಂಬ ಸಾಲೊಂದು ಇರುತ್ತದಲ್ಲ, ಊರಿನಲ್ಲಿ ‘ಮೂರು ತಿಂಗಳ ಶುಗರ್’ ಎನ್ನುತ್ತಾರಲ್ಲ, ಇವತ್ತಿನ ಮಾತು ಅದರ ಚರಿತ್ರೆ.

ಜಪಾನಿಗೆ ಈ ಕಾಯಿಲೆ ಹೊಸದಲ್ಲ. ಸಾವಿರ ವರ್ಷದ ಹಿಂದೆ ಕ್ಯೋಟೋದಲ್ಲಿ ಅಧಿಕಾರ ನಡೆಸಿದ ಫುಜಿವಾರಾ ನೊ ಮಿಚಿನಾಗಾ ಬಾಯಿ ಒಣಗಿ ಪದೇ ಪದೇ ನೀರು ಕುಡಿಯುತ್ತಿದ್ದ, ಆಮೇಲೆ ಕಣ್ಣು ಮಂಜಾಯಿತು ಎಂದು ಆ ಕಾಲದ ದಿನಚರಿಗಳಲ್ಲಿದೆ. 1994ರಲ್ಲಿ ಕೋಬೆಯಲ್ಲಿ ಅಂತರರಾಷ್ಟ್ರೀಯ ಮಧುಮೇಹ ಸಮ್ಮೇಳನ ನಡೆದಾಗ ಅವನ ಚಿತ್ರದ ಅಂಚೆಚೀಟಿಯೂ ಬಂತು. ಕಾಯಿಲೆಗೆ ಅಂಚೆಚೀಟಿಯ ಮರ್ಯಾದೆ!

ಮಿಚಿನಾಗಾನ ಕಾಲದಲ್ಲಿ ಕಣ್ಣಿಗೆ ಕಾಣುತ್ತಿದ್ದದ್ದು ಲಕ್ಷಣ ಮಾತ್ರ. ಒಳಗಿನ ಲೆಕ್ಕ ಸಿಕ್ಕಿದ್ದು 1968ರಲ್ಲಿ, ಟೆಹರಾನಿನಲ್ಲಿ. ಮಧುಮೇಹಿಗಳ ರಕ್ತದಲ್ಲಿ ಒಂದು ಬಗೆಯ ಹಿಮೋಗ್ಲೋಬಿನ್ ಹೆಚ್ಚಾಗಿರುವುದನ್ನು ಸ್ಯಾಮ್ಯುಯೆಲ್ ರಹ್ಬರ್ ಗುರುತಿಸಿದರು. ಅದು ಸಕ್ಕರೆ ಅಂಟಿಕೊಂಡ ಹಿಮೋಗ್ಲೋಬಿನ್. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ. ಅಷ್ಟು ದಿನ ಅಂಟಿದ್ದೆಲ್ಲ ಅದರಲ್ಲೇ ಉಳಿಯುತ್ತದೆ. ಅದಕ್ಕೇ ಪರೀಕ್ಷೆಯ ಹಿಂದಿನ ದಿನ ಮೈಸೂರು ಪಾಕ್ ಬಿಟ್ಟರೆ ಈ ಅಂಕಿ ಮೋಸ ಹೋಗುವುದಿಲ್ಲ.

ಮುಂದಿನದು ಜಪಾನಿನ ಅಧ್ಯಾಯ. ಕುಮಾಮೊತೊದ ವೈದ್ಯರು 110 ರೋಗಿಗಳನ್ನು ಆರು ವರ್ಷ ಗಮನಿಸಿ 1995ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಚ್‌ಬಿಎ1ಸಿ 6.5ಕ್ಕಿಂತ ಕೆಳಗಿದ್ದವರಲ್ಲಿ ಕಣ್ಣು, ಮೂತ್ರಪಿಂಡ ಕೆಡುವುದು ಬಹಳ ಕಡಿಮೆ. ದೊಡ್ಡ ಕೆಲಸವೇ. ಆದರೆ ಆ 6.5 ಜಪಾನಿನ ಸ್ವಂತ ಅಳತೆಯ 6.5. ಜಪಾನ್ ಮಧುಮೇಹ ಸಂಘದ ಅಳತೆಯನ್ನು ಜೆಡಿಎಸ್ ಎನ್ನುತ್ತಾರೆ (ನಮ್ಮ ಕರ್ನಾಟಕದ ಪಕ್ಷವಲ್ಲ!). ಅಮೆರಿಕದಲ್ಲಿ ಎನ್‌ಜಿಎಸ್‌ಪಿ ಎಂಬ ಇನ್ನೊಂದು ಅಳತೆ ಬೇರೂರಿ, ಬೇರೆ ಹಲವು ದೇಶಗಳೂ ಅದನ್ನೇ ಹಿಡಿದವು. ಅದೇ ರಕ್ತ, ಅದೇ ದಿನ. ಜಪಾನಿನ ಅಂಕಿ ಮಾತ್ರ ಸುಮಾರು 0.4 ಕಡಿಮೆ.

ತಪ್ಪು ಯಾರದೂ ಅಲ್ಲ. ಒಂದೇ ಅಕ್ಕಿಯನ್ನು ಒಬ್ಬರು ಸೇರಿನಲ್ಲಿ, ಇನ್ನೊಬ್ಬರು ಪಾವಿನಲ್ಲಿ ಅಳೆದ ಹಾಗೆ. ಆದರೂ ಜಗತ್ತಿನ ಜೊತೆ ಲೆಕ್ಕ ತಾಳೆಯಾಗಬೇಕಲ್ಲ! 2012ರ ಏಪ್ರಿಲ್ 1ರಿಂದ ಜಪಾನಿನ ಆಸ್ಪತ್ರೆಗಳು ಎನ್‌ಜಿಎಸ್‌ಪಿಗೆ ಬಂದವು. ನಲವತ್ತು ದಾಟಿದವರ ವಿಶೇಷ ತಪಾಸಣೆ ಒಂದು ವರ್ಷ ತಡವಾಗಿ, 2013ರ ಏಪ್ರಿಲ್‌ನಲ್ಲಿ. ಕುಮಾಮೊತೊದ 6.5 ಹೊಸ ಅಳತೆಯಲ್ಲಿ 6.9 ಆಯಿತು. 2013ರಲ್ಲಿ ಅದೇ ಊರಿನಿಂದ ಹೊರಟ ಘೋಷಣೆ ತೊಡಕು ತಡೆಯಲು ‘7ಕ್ಕಿಂತ ಕಡಿಮೆ’ ಎಂದದ್ದರ ಹಿನ್ನೆಲೆಯಲ್ಲಿ ಈ ಲೆಕ್ಕವಿದೆ.

ಈಗ ಮನೆಯ ಫೈಲು ತೆಗೆಯಿರಿ. ಅಪ್ಪನ 2010ರ ರಿಪೋರ್ಟಿನಲ್ಲಿ 6.3, 2014ರದ್ದರಲ್ಲಿ 6.7 ಇದ್ದರೆ ಅವರ ಶುಗರ್ ಏರಿಲ್ಲ, ಅಳತೆ ಬದಲಾಗಿದೆ. ಎರಡರಲ್ಲೂ 6.7 ಇದ್ದರೆ ನಿಜವಾಗಿ ಇಳಿದಿದೆ. ಅಷ್ಟು ವರ್ಷ ಪಥ್ಯ ಮಾಡಿದವರಿಗೆ ಅದನ್ನು ಹೇಳದೆ ಬಿಡಬೇಡಿ. ಅಮ್ಮನದಾದರೆ ಹಿಮೋಗ್ಲೋಬಿನ್ ಸಾಲನ್ನೂ ನೋಡಿ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಈ ಅಂಕಿ ಇರುವುದಕ್ಕಿಂತ ಹೆಚ್ಚು ತೋರಿಸಬಹುದು, ಡಾಕ್ಟರಿಗೆ ಅದನ್ನು ಹೇಳಬೇಕು. ಬದಲಾವಣೆಯ ಆಸುಪಾಸಿನ ಹಾಳೆಗಳಲ್ಲಿ ಎರಡೂ ಅಂಕಿ ಅಕ್ಕಪಕ್ಕ ಅಚ್ಚಾಗಿರುವುದುಂಟು. ಪಕ್ಕದ ಸಣ್ಣ ಅಕ್ಷರ ಓದಿದರೆ ಯಾವುದು ಯಾವುದೆಂದು ತಿಳಿಯುತ್ತದೆ.