ಸಂತ ಅಲೋಶಿಯಸ್ ಪ್ರೌಢಶಾಲೆ, ಮಂಗಳೂರು

ಸಂತ ಅಲೋಶಿಯಸ್ ಪ್ರೌಢಶಾಲೆಯು ಮಂಗಳೂರು ನಗರದ ಲೈಟ್‌ಹೌಸ್ ಹಿಲ್ ಪ್ರದೇಶದಲ್ಲಿರುವ ಖಾಸಗಿ ಕಥೋಲಿಕ ಶಿಕ್ಷಣ ಸಂಸ್ಥೆಯಾಗಿದೆ. ಯೇಸುಸಭೆಯ ಗುರುಗಳು ಇದನ್ನು 1880ರಲ್ಲಿ ಸ್ಥಾಪಿಸಿದರು. 1591ರಲ್ಲಿ ರೋಮ್ ನಗರದಲ್ಲಿ ಪ್ಲೇಗ್ ರೋಗಿಗಳ ಶುಶ್ರೂಷೆ ಮಾಡುತ್ತ 23ನೆಯ ವಯಸ್ಸಿನಲ್ಲಿ ಮರಣಹೊಂದಿದ ಸಂತ ಅಲೋಶಿಯಸ್ ಗೊನ್ಜಾಗಾ ಅವರ ಹೆಸರನ್ನು ಸಂಸ್ಥೆಗೆ ಇಡಲಾಗಿದೆ.

ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. 1834ರಲ್ಲಿ ಮಂಗಳೂರಿಗೆ ಬಂದ ಪ್ರೊಟೆಸ್ಟೆಂಟ್ ಪಂಥದ ಬಾಸೆಲ್ ಮಿಷನ್ ಶಾಲೆಗಳನ್ನೂ ಮುದ್ರಣಾಲಯವನ್ನೂ ನಡೆಸುತ್ತಿತ್ತು. ತಮ್ಮ ಮಕ್ಕಳ ಉನ್ನತ ಶಿಕ್ಷಣಕ್ಕೆ ಸ್ವಂತ ಸಂಸ್ಥೆ ಬೇಕೆಂದು ಬಯಸಿದ ಸ್ಥಳೀಯ ಕಥೋಲಿಕರು, ಯೇಸುಸಭೆಯ ಗುರುಗಳನ್ನು ಕಳುಹಿಸುವಂತೆ ರೋಮ್‌ಗೆ ಮನವಿ ಸಲ್ಲಿಸಿದರು. 1878ರಲ್ಲಿ ಪೋಪ್ ಹದಿಮೂರನೆಯ ಲಿಯೋ ಅವರು ಮಂಗಳೂರು ಮಿಷನ್ನಿನ ಹೊಣೆಯನ್ನು ಕಾರ್ಮೆಲ್ ಸಭೆಯಿಂದ ಯೇಸುಸಭೆಗೆ ವಹಿಸಿದರು. ಅದೇ ವರ್ಷ ಡಿಸೆಂಬರ್ 31ರಂದು ಗುರುಗಳ ಮೊದಲ ತಂಡ ಮಂಗಳೂರನ್ನು ತಲುಪಿತು.

ಸ್ಥಾಪನೆ ಮತ್ತು ಬೆಳವಣಿಗೆ

1880ರ ಜನವರಿ 12ರಂದು ಕೊಡಿಯಾಲಬೈಲಿನಲ್ಲಿ ಸುಮಾರು 150 ವಿದ್ಯಾರ್ಥಿಗಳೊಂದಿಗೆ ತರಗತಿಗಳು ಆರಂಭವಾದವು. ಲಾರೆನ್ಸ್ ಲೋಬೊ ಪ್ರಭು ಅವರು ದಾನವಾಗಿ ನೀಡಿದ ಗುಡ್ಡದ ನೆಲದಲ್ಲಿ ಕಟ್ಟಡ ನಿರ್ಮಾಣವಾಗಿ, 1885ರಲ್ಲಿ ಸಂಸ್ಥೆ ಅಲ್ಲಿಗೆ ಸ್ಥಳಾಂತರಗೊಂಡಿತು. ಆರಂಭದಲ್ಲಿ ಶಾಲೆ ಮತ್ತು ಕಾಲೇಜು ಒಂದೇ ಸಂಸ್ಥೆಯ ಭಾಗಗಳಾಗಿದ್ದವು. ಕಾಲೇಜು ವಿಭಾಗವು 1882ರಲ್ಲಿ ಮದರಾಸು ವಿಶ್ವವಿದ್ಯಾಲಯದ ಮಾನ್ಯತೆ ಪಡೆಯಿತು.

ಗುರುಗಳ ಕೊಡುಗೆ

ಮೊದಲ ತಂಡದ ಗುರುಗಳ ಕಾರ್ಯವು ತರಗತಿಗಳಿಗೆ ಸೀಮಿತವಾಗಿರಲಿಲ್ಲ. ಇಲ್ಲಿ ಅಧ್ಯಾಪಕರಾಗಿದ್ದ ಫಾದರ್ ಆಗಸ್ಟಸ್ ಮುಲ್ಲರ್ ವಿದ್ಯಾರ್ಥಿಗಳಿಗೂ ಬಡವರಿಗೂ ಹೋಮಿಯೋಪಥಿ ಔಷಧ ನೀಡತೊಡಗಿದರು. ಕಂಕನಾಡಿಯ ಫಾದರ್ ಮುಲ್ಲರ್ ಆಸ್ಪತ್ರೆ ಈ ಸೇವೆಯಿಂದಲೇ ಬೆಳೆಯಿತು. ಫಾದರ್ ಆಂಜೆಲೊ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ಕೊಂಕಣಿ ನಿಘಂಟನ್ನೂ ಪ್ರಕಟಿಸಿದರು. ಶಿಕ್ಷಣದಲ್ಲಿ ಎರಡು ಪಂಥಗಳ ನಡುವೆ ಪೈಪೋಟಿ ಇದ್ದರೂ ಈ ಕೃತಿಗಳು ಮುದ್ರಣಗೊಂಡದ್ದು ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ.

ಪ್ರಾರ್ಥನಾ ಮಂದಿರ

ಆವರಣದ ಪ್ರಾರ್ಥನಾ ಮಂದಿರದ ಗೋಡೆ ಮತ್ತು ಛಾವಣಿಗಳನ್ನು ಇಟಲಿಯ ಕಲಾವಿದ, ಯೇಸುಸಭೆಯ ಸಹೋದರ ಆಂಟೋನಿಯೊ ಮೊಸ್ಕೆನಿ 1899ರಿಂದ 1901ರ ಅವಧಿಯಲ್ಲಿ ಚಿತ್ರಗಳಿಂದ ಅಲಂಕರಿಸಿದರು. ಹಸಿ ಗಾರೆಯ ಮೇಲೆ ಬರೆದ ಭಿತ್ತಿಚಿತ್ರಗಳೂ ತೈಲವರ್ಣದ ಚಿತ್ರಗಳೂ ಇಲ್ಲಿವೆ. ಛಾವಣಿಯಲ್ಲಿ ಸಂತ ಅಲೋಶಿಯಸ್ ಅವರ ಜೀವನದ ಘಟನೆಗಳನ್ನು ಚಿತ್ರಿಸಲಾಗಿದೆ. ಕರಾವಳಿಯ ತೇವಾಂಶದಿಂದ ಹಾನಿಗೊಂಡಿದ್ದ ಈ ಚಿತ್ರಗಳನ್ನು 1990ರ ದಶಕದಲ್ಲಿ ಇಂಟ್ಯಾಕ್ ಸಂಸ್ಥೆಯು ಸಂರಕ್ಷಿಸಿತು.

ಸ್ವಾತಂತ್ರ್ಯಾನಂತರ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರು ರಾಜ್ಯಕ್ಕೆ ಸೇರಿದಾಗ ಶಾಲೆಯೂ ಆ ರಾಜ್ಯದ ವ್ಯಾಪ್ತಿಗೆ ಬಂದಿತು. 2008ರ ಬೂಕರ್ ಪ್ರಶಸ್ತಿ ಪಡೆದ ಲೇಖಕ ಅರವಿಂದ ಅಡಿಗ 1990ರಲ್ಲಿ ಎಸ್.ಎಸ್.ಎಲ್.ಸಿ. ಪೂರೈಸಿದ್ದು ಇಲ್ಲಿಯೇ. ಜೊತೆಯಾಗಿ ಆರಂಭವಾದ ಕಾಲೇಜು 2007ರಲ್ಲಿ ಸ್ವಾಯತ್ತತೆಯನ್ನೂ 2024ರಲ್ಲಿ ಪರಿಗಣಿತ ವಿಶ್ವವಿದ್ಯಾಲಯದ ಸ್ಥಾನವನ್ನೂ ಪಡೆಯಿತು. ಪ್ರೌಢಶಾಲೆಯು ಅದೇ ಗುಡ್ಡದ ಮೇಲೆ ಮುಂದುವರಿದಿದೆ.