ಬೇಲಿಯೊಳಗಣ ಮೇವಿನ ಮರ



ದಾವಣಗೆರೆಯ ಮಂಡಿಪೇಟೆಯೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಮೂಟೆ, ತಕ್ಕಡಿ, ಖಾತೆಯ ಪುಸ್ತಕ. ಹೈದರಾಲಿಯು ಈ ಊರನ್ನು ಆಪೋಜಿರಾಮನೆಂಬ ಮರಾಠಾ ಸರದಾರನಿಗೆ ಜಹಗೀರಾಗಿ ಕೊಟ್ಟನೆಂದೂ, ಅವನು ವರ್ತಕರನ್ನು ಇಲ್ಲಿ ನೆಲೆಗೊಳಿಸಿದನೆಂದೂ ಚರಿತ್ರೆ ಹೇಳುತ್ತದೆ. ಆ ವ್ಯಾಪಾರವೆಲ್ಲ ಬಂಡಿಯ ಮೇಲೆ ಬಂದಿತು. ಬಂಡಿಯನ್ನು ಎಳೆದುದು ಎತ್ತು. ಆ ಎತ್ತು ಏನನ್ನು ತಿಂದಿತು? ಚರಿತ್ರಕಾರರು ಸಾಮಾನ್ಯವಾಗಿ ಕೇಳದ ಈ ಪ್ರಶ್ನೆಯನ್ನು ಈ ದಿನ ನಾವು ಕೇಳೋಣ.

ಜೋಳದ ಸೊಪ್ಪೆಯನ್ನು ತಿಂದಿತೆಂಬುದೇ ಮೊದಲನೆಯ ಉತ್ತರ. ಆದರೆ ಸೊಪ್ಪೆಯು ಹೊಟ್ಟೆ ತುಂಬುವುದೇ ಹೊರತು ಮೈ ತುಂಬುವುದಿಲ್ಲ. ಅದರಲ್ಲಿ ಸಸಾರಜನಕದ ಅಂಶ ನೂರಕ್ಕೆ ಮೂರು ನಾಲ್ಕು ಪಾಲು ಮಾತ್ರ. ಬೇಸಗೆಯಲ್ಲಿ ಹುಲ್ಲು ಒಣಗಿದ ಮೇಲೆ ಹಸಿರು ಉಳಿಯುವುದು ಆಳಕ್ಕೆ ಬೇರಿಳಿಸಿದ ಮರಗಳಲ್ಲಿ. ಅವುಗಳಲ್ಲಿಯೂ ತೊಗರಿ, ಅವರೆಗಳ ಬಳಗಕ್ಕೆ ಸೇರಿದ ಜಾಲಿ, ಅಗಸೆ, ಹಾಲವಾಣ ಮೊದಲಾದವು ದನಗಳಿಗೆ ವಿಶೇಷವಾಗಿ ಒದಗತಕ್ಕವು.

ಮೈಸೂರು ಸೀಮೆಯ ಅರಸರು ಇದನ್ನು ಬಲ್ಲವರಾಗಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಯೇ ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆಯಿತು. ಅದರ ದನಗಳಿಗಾಗಿ ಮಳೆಗಾಲ, ಚಳಿಗಾಲ, ಬೇಸಗೆಗಳಿಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿದ್ದರು. ಬೇಸಗೆಯ ಕಾವಲಿನಲ್ಲಿ ನೀರೂ ನೆರಳೂ ಬೇಕು. ಜಾಲಿ ಇದ್ದಲ್ಲಿ ಅದರ ಕಾಯಿಯೂ ಮೇವು. ಜಾಲಿಯ ಬೀಜವು ಪಶುಗಳ ಹೊಟ್ಟೆಯನ್ನು ಹಾಯ್ದು ಸಗಣಿಯೊಡನೆ ಬಿದ್ದು ಮೊಳೆಯುವುದರಿಂದ, ದನವು ತಿಂದ ಮರವನ್ನು ದನವೇ ಬಿತ್ತಿದಂತಾಗುತ್ತಿತ್ತು. 1860ರಲ್ಲಿ ಮಿತವ್ಯಯದ ಹೆಸರಿನಿಂದ ಈ ಹಿಂಡನ್ನು ಮಾರಿಬಿಟ್ಟರು. 1866ರಲ್ಲಿ ಪುನಃ ಕೂಡಿಸಬೇಕಾಯಿತು. ಕಾವಲೆಂಬ ಹೆಸರನ್ನೇ ಗಮನಿಸಿರಿ: ಅಲ್ಲಿ ಮೇವನ್ನು ಕಾಯುವವನೊಬ್ಬನಿದ್ದನು.

ಎರಡನೆಯ ನಿದರ್ಶನವು ವೀಳ್ಯದೆಲೆಯ ತೋಟ. ಬಳ್ಳಿ ಹಬ್ಬುವುದಕ್ಕೆ ಅಗಸೆ, ಹಾಲವಾಣ, ನುಗ್ಗೆಗಳನ್ನು ಆಸರೆಯಾಗಿ ನೆಡುವುದು ನಮ್ಮ ನಾಡಿನ ಹಳೆಯ ಪದ್ಧತಿ. ನೆರಳು ಹೆಚ್ಚಾದಾಗ ಸವರಿದ ಅಗಸೆಯ ಸೊಪ್ಪು ಕೊಟ್ಟಿಗೆಗೆ ಹೋಗುತ್ತದೆ. ಇಲ್ಲಿ ನೀರುಂಟು, ಆಳುಂಟು, ಸುತ್ತಲೂ ಬೇಲಿಯುಂಟು.

ಇನ್ನು ಮೂರನೆಯದಾದ ಬಡ ರೈತನ ಬೆದ್ದಲು ಹೊಲಕ್ಕೆ ಬರೋಣ. ಸುಗ್ಗಿ ಮುಗಿದೊಡನೆ ಊರಿನ ದನಗಳೆಲ್ಲ ಎಲ್ಲರ ಹೊಲಗಳಲ್ಲಿಯೂ ಮೇಯುವುದು ಹಳ್ಳಿಯ ವಾಡಿಕೆ. ಬದುವಿನ ಮೇಲೆ ಒಬ್ಬನು ನೆಟ್ಟ ಎಳೆಯ ಗಿಡವು ಹತ್ತು ಮನೆಗಳ ಮೇಕೆಗಳಿಗೆ ತುತ್ತಾಗುತ್ತದೆ. ಈ ವಾಡಿಕೆಯನ್ನು ಹಳಿಯುವುದು ಸುಲಭ. ಆದರೆ ಭೂಮಿಯಿಲ್ಲದವನ ಆಕಳು ಬದುಕುವುದು ಅದರಿಂದಲೇ ಎಂಬುದನ್ನು ಮರೆಯಲಾಗದು.

ಸುಬಾಬುಲ್ ಮರದ ಕಥೆಯಲ್ಲಿ ಇದರ ಪಾಠವುಂಟು. ಮಧ್ಯ ಅಮೆರಿಕಾ ಮೂಲದ ಈ ಮರದ ಎತ್ತರದ ತಳಿಗಳು 1970ರ ದಶಕದಲ್ಲಿ ನಮ್ಮ ದೇಶದಲ್ಲಿ ಹರಡಿದವು. ಮಣಿಭಾಯಿ ದೇಸಾಯಿಯವರ ಬೈಫ್ ಸಂಸ್ಥೆಯು ಅದಕ್ಕೆ ಬಹಳ ಪ್ರಚಾರ ಕೊಟ್ಟಿತು. ಅದರ ಒಣಸೊಪ್ಪಿನಲ್ಲಿ ಸಸಾರಜನಕ ನೂರಕ್ಕೆ ಇಪ್ಪತ್ತನ್ನು ಮೀರುತ್ತದೆ. ಕಪ್ಪು ನೆಲವೂ ಅದಕ್ಕೆ ಒಗ್ಗುತ್ತದೆ. ಇದು ಕಲ್ಪವೃಕ್ಷವೆಂದು ಹೊಗಳಿದವರೂ ಇದ್ದರು. ಆದರೆ ಆ ಸೊಪ್ಪಿನಲ್ಲಿ ಮಿಮೋಸಿನ್ ಎಂಬ ವಿಷಾಂಶವಿರುವುದರಿಂದ ಒಟ್ಟು ಮೇವಿನ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕೊಡುವುದು ಕ್ಷೇಮವಲ್ಲ. ಈ ವಿಷವನ್ನು ಅರಗಿಸುವ ಸೂಕ್ಷ್ಮಜೀವಿಯನ್ನು ಹವಾಯಿಯ ಆಡುಗಳ ಹೊಟ್ಟೆಯಿಂದ ಆಸ್ಟ್ರೇಲಿಯಾಕ್ಕೆ ತಂದದ್ದು 1980ರ ದಶಕದಲ್ಲಿ. 1988ರಲ್ಲಿ ರಸ ಹೀರುವ ಸಣ್ಣ ಕೀಟವೊಂದು ದಕ್ಷಿಣ ಭಾರತಕ್ಕೆ ಬಂದು ಈ ಮರದ ಚಿಗುರನ್ನೆಲ್ಲ ಮುರುಟಿಸಿತು. ಒಂದೇ ಮರವನ್ನು ನಂಬಿದವರ ಕೊಟ್ಟಿಗೆ ಬರಿದಾಗದೆ ಇರುವುದೆಂತು?

ಆದುದರಿಂದ ಹಲವು ಜಾತಿಗಳನ್ನು ಬೆರೆಸಿ ನೆಡುವುದು ವಿವೇಕ. ಗೊಬ್ಬರದ ಗಿಡದ ಕೊಂಬೆಗಳನ್ನು ಬೇಲಿಯ ಸಾಲಿನಲ್ಲಿ ಊರಿದರೆ ಅವೇ ಚಿಗುರಿ ಜೀವಂತ ಬೇಲಿಯಾಗುತ್ತವೆ. ಅದರ ವಾಸನೆಗೆ ದನ ಮೊದಮೊದಲು ಮೂತಿ ತಿರುಗಿಸುವುದರಿಂದ ಗಿಡ ಉಳಿಯುತ್ತದೆ. ಮುಂದೆ ಸೊಪ್ಪನ್ನು ಬಾಡಿಸಿ ಕೊಟ್ಟು ರೂಢಿಮಾಡಿಸಬಹುದು. ಅದರ ಒಳಸಾಲಿನಲ್ಲಿ ಸುಬಾಬುಲ್, ನೀರಿನ ಬಳಿ ಅಗಸೆ. ಅಗಸೆಯನ್ನು ಮಾತ್ರ ಮೇಲಿಂದ ಮೇಲೆ ಬೋಳಿಸಬಾರದು, ಅದು ಸತ್ತುಹೋಗುತ್ತದೆ. ಮರದ ನೆರಳು ಪಕ್ಕದ ಜೋಳದ ಸಾಲನ್ನು ಕುಗ್ಗಿಸುವುದೆಂಬ ರೈತನ ದೂರೂ ಸುಳ್ಳಲ್ಲ; ಕಾಲಕಾಲಕ್ಕೆ ಸವರುವುದೇ ಅದಕ್ಕೆ ಮದ್ದು.

ಇಂದು ಮಂಡಿಪೇಟೆಗೆ ಮೂಟೆಯನ್ನು ತರುವುದು ಲಾರಿ. 1965ರಲ್ಲಿ ಮುಗಿದ ಭದ್ರಾ ಅಣೆಕಟ್ಟಿನ ನೀರು ದಾವಣಗೆರೆ, ಹರಿಹರಗಳ ಹೊಲಗಳನ್ನು ಗದ್ದೆಗಳನ್ನಾಗಿ ಮಾಡಿದೆ. ನೀರು ತಲುಪದ ಹೊಲಗಳಲ್ಲಿ ಮೆಕ್ಕೆಜೋಳ ಹಬ್ಬಿದೆ. ಎತ್ತು ಕಡಿಮೆಯಾದರೂ ಹಸುವಿದೆ, ನಮ್ಮ ಮನೆಗಳಿಗೆ ಬೆಳಗಿನ ಹಾಲು ಬೇಕಾಗಿದೆ. ಎರಡೆಕರೆಯ ರೈತನು ಹಿಂಡಿಗೆ ತೆರುವ ಹಣ ಅವನ ಹಾಲಿನ ಲಾಭವನ್ನು ನುಂಗುತ್ತಿರುವಾಗ, ಬದುವಿನ ಹತ್ತಿಪ್ಪತ್ತು ಮರಗಳು ಅವನಿಗೆ ಸಣ್ಣ ಆಸ್ತಿಯಲ್ಲ.

ಅರಮನೆಗೆ ಕಾವಲುಗಾರನಿದ್ದನು, ತೋಟಗಾರನಿಗೆ ಬೇಲಿಯಿತ್ತು. ಬಡವನ ಗಿಡವನ್ನು ಮೊದಲನೆಯ ವರುಷ ಕಾಯುವವರು ಯಾರು? ಊರಿನವರು ಒಟ್ಟಾಗಿ ಒಪ್ಪಿ ಕಾದರೆ ಮಾತ್ರ, ಮತ್ತು ಭೂಮಿಯಿಲ್ಲದವನ ಆಕಳಿಗೂ ಆ ಸೊಪ್ಪಿನಲ್ಲಿ ಒಂದು ಹೊರೆ ದೊರೆತರೆ ಮಾತ್ರ, ಆ ಗಿಡವು ಮರವಾದೀತು. ಬೀಜವನ್ನು ಸರ್ಕಾರದವರು ಕೊಡಬಹುದು. ಈ ಒಪ್ಪಂದವನ್ನು ಊರೇ ಮಾಡಿಕೊಳ್ಳಬೇಕು.