ಎಥೆಲ್ ವಾಟರ್ಸ್: ಹಾಡಿನಿಂದ ರಂಗಕ್ಕೆ

ಪಾಶ್ಚಾತ್ಯ ಸಂಗೀತದ ಚರಿತ್ರೆಯಲ್ಲಿ ಅಮೆರಿಕೆಯ ಕರಿಯ ಜನರ ಕಾಣಿಕೆ ಎಷ್ಟು ದೊಡ್ಡದೆಂಬುದನ್ನು ಈಗ ಯಾರೂ ಅಲ್ಲಗಳೆಯಲಾರರು. ಗುಲಾಮಗಿರಿಯ ಹೊಲಗಳಲ್ಲಿಯೂ ಬಡವರ ಪ್ರಾರ್ಥನಾಮಂದಿರಗಳಲ್ಲಿಯೂ ಬೆಳೆದ ಅವರ ಹಾಡು ಬ್ಲೂಸ್ ಎಂದೂ ಜಾಜ್ ಎಂದೂ ಹೆಸರು ಪಡೆದು, ಮುಂದೆ ಸ್ತೋತ್ರಗಾಯನದ ಆವೇಶದೊಡನೆ ಬೆರೆತು ಸೋಲ್ ಎಂಬ ಶೈಲಿಗೂ ದಾರಿಮಾಡಿತು. ಈ ಸಂಗೀತದ ಇತಿಹಾಸವನ್ನು ಬರೆಯುವವರು ಗಾಯಕಿಯರನ್ನು ನೆನೆಯುತ್ತಾರೆ. ನಾಟಕದ ಇತಿಹಾಸವನ್ನು ಬರೆಯುವವರು ನಟಿಯರನ್ನು ನೆನೆಯುತ್ತಾರೆ. ಎರಡು ಕಡೆಗೂ ಸಲ್ಲತಕ್ಕವರು ಅನೇಕ ವೇಳೆ ಎರಡು ಕಡೆಯಲ್ಲಿಯೂ ಅರ್ಧವಾಗಿಯೇ ಕಾಣುತ್ತಾರೆ. ಎಥೆಲ್ ವಾಟರ್ಸ್ ಅಂಥವರಲ್ಲೊಬ್ಬಳು. ಆಕೆಯ ಜೀವಿತವನ್ನು ಇಡಿಯಾಗಿ ನೋಡಿದರೆ, ಹಾಡು ಅಭಿನಯವಾಗಿ ಬೆಳೆದ ಬಗೆಯೂ, ಆ ಅಭಿನಯಕ್ಕೆ ಆಕೆಯ ಕಾಲವು ಬಿಟ್ಟುಕೊಟ್ಟ ಸ್ಥಳವೆಷ್ಟೆಂಬುದೂ ತಿಳಿದುಬರುತ್ತದೆ.

ಆಕೆ ಹುಟ್ಟಿದ್ದು 1896ರ ಅಕ್ಟೋಬರ್ 31ರಂದು, ಪೆನ್ಸಿಲ್ವೇನಿಯಾ ಸಂಸ್ಥಾನದ ಚೆಸ್ಟರ್ ಪಟ್ಟಣದಲ್ಲಿ. ತಾಯಿ ಇನ್ನೂ ಹುಡುಗಿ. ಬಲಾತ್ಕಾರಕ್ಕೆ ಗುರಿಯಾಗಿ ತಾಯಿಯಾದವಳು. ಕೂಸನ್ನು ಸಾಕಿದವಳು ಅಜ್ಜಿ. ಆ ಅಜ್ಜಿಯಾದರೂ ಬಿಳಿಯರ ಮನೆಗಳಲ್ಲಿ ಚಾಕರಿಮಾಡಿ ಹೊಟ್ಟೆ ಹೊರೆಯುತ್ತಿದ್ದವಳು. ಮೊಮ್ಮಗಳ ಹತ್ತಿರ ಕುಳಿತು ಲಾಲಿಸಲು ಆಕೆಗೆ ಬಿಡುವೆಲ್ಲಿ? ಹುಡುಗಿ ಬೀದಿಯಲ್ಲಿಯೇ ಹೆಚ್ಚು ಬೆಳೆದಳು. ಹದಿಮೂರನೆಯ ವಯಸ್ಸಿಗೆ ಮದುವೆಯಾಯಿತು. ಗಂಡನ ಹೊಡೆತ ತಾಳಲಾರದೆ ಬೇಗನೆ ಅವನನ್ನು ಬಿಟ್ಟುಬಂದಳು. ಆಮೇಲೆ ಫಿಲಡೆಲ್ಫಿಯಾದ ಒಂದು ಹೋಟೆಲಿನಲ್ಲಿ ಕೆಲಸದವಳಾಗಿ ಸೇರಿದಳು. ಸಂಬಳ ವಾರಕ್ಕೆ 4.75 ಡಾಲರು.

ಹದಿನೇಳನೆಯ ಹುಟ್ಟುಹಬ್ಬದ ದಿನ ನಡೆದ ಒಂದು ಕೂಟದಲ್ಲಿ ಸ್ನೇಹಿತರ ಒತ್ತಾಯಕ್ಕೆ ಆಕೆ ಎರಡು ಹಾಡು ಹಾಡಿದಳು. ಕೇಳಿದವರು ಮೆಚ್ಚಿ ಬಾಲ್ಟಿಮೋರ್ ನಗರದ ಲಿಂಕನ್ ಥಿಯೇಟರಿಗೆ ಕರೆದುಕೊಂಡು ಹೋದರು. ಅಲ್ಲಿ ವಾರಕ್ಕೆ ಹತ್ತು ಡಾಲರು. ಮೆಚ್ಚಿದ ಜನ ವೇದಿಕೆಯ ಮೇಲೆಸೆದ ಕಾಸನ್ನು ಮಾತ್ರ ಮೇಲ್ವಿಚಾರಕರು ತಾವೇ ನುಂಗಿಹಾಕುತ್ತಿದ್ದರು. ತೆಳ್ಳಗೆ ಎತ್ತರವಾಗಿದ್ದ ಆ ಹುಡುಗಿಗೆ ಜನ ಹುರುಳಿಕಾಯಿಯ ಹೆಸರು ಕೂಡಿಸಿ ಒಂದು ಅಡ್ಡಹೆಸರಿಟ್ಟರು. ದಕ್ಷಿಣದ ಅಟ್ಲಾಂಟಾ ನಗರದಲ್ಲಿ ಬೆಸ್ಸೀ ಸ್ಮಿತ್ ಹಾಡುತ್ತಿದ್ದ ಸ್ಥಳದಲ್ಲಿಯೇ ಈಕೆಯೂ ಹಾಡಬೇಕಾಗಿ ಬಂದಿತು. ಬೆಸ್ಸೀ ಆಗಲೇ ಬ್ಲೂಸ್ ಗಾಯನದಲ್ಲಿ ದೊಡ್ಡ ಹೆಸರು. ತಾನಿರುವಲ್ಲಿ ಬೇರೊಬ್ಬಳು ಬ್ಲೂಸ್ ಹಾಡಕೂಡದೆಂದು ಅವಳು ಹಟಹಿಡಿದಳು. ಎಥೆಲ್ ಬೇರೆ ಬಗೆಯ ಹಾಡುಗಳನ್ನು ಹಿಡಿಯಬೇಕಾಯಿತು.

ಮುಂದಿನ ಎಲ್ಲಕ್ಕೂ ಈ ಸಣ್ಣ ಸಂಗತಿಯಲ್ಲಿ ಸುಳಿವಿದೆಯೆಂದು ನಮಗೆ ತೋರುತ್ತದೆ. ಬೆಸ್ಸೀಯ ಕಂಠ ಬಹು ದೊಡ್ಡದು. ತುಂಬಿದ ಹೊಳೆಯಂತೆ ಎದುರಿಗಿದ್ದುದನ್ನೆಲ್ಲ ಕೊಚ್ಚಿಕೊಂಡು ಹೋಗತಕ್ಕದ್ದು. ಎಥೆಲ್‌ಳ ಬಲ ಬೇರೆ. ಆಕೆಯ ಉಚ್ಚಾರ ಬಹಳ ಸ್ಪಷ್ಟ. ಪ್ರತಿಯೊಂದು ಮಾತೂ ಕಿವಿಗೆ ಬಿಡಿಬಿಡಿಯಾಗಿ ಬೀಳುವುದು. ಹಾಡಿನೊಳಗಿನ ಹೆಂಗಸು ಯಾರು, ಅವಳ ಮನಸ್ಸಿನಲ್ಲಿ ಏನು ನಡೆಯುತ್ತಿದೆ, ಬಾಯಲ್ಲಿ ನಗುವಿದ್ದರೂ ಒಳಗೆ ಏನಿದೆ ಎಂಬುದನ್ನು ಆಕೆ ಸ್ವರದಲ್ಲಿಯೇ ತೋರಿಸಿಕೊಡುತ್ತಿದ್ದಳು. ನಾಟಕದ ವೇದಿಕೆ ಏರುವುದಕ್ಕೆ ಬಹಳ ಮೊದಲೇ ಆಕೆಯಲ್ಲಿ ನಟಿಯಿದ್ದಳು.

1919ರ ಸುಮಾರಿಗೆ ಆಕೆ ನ್ಯೂಯಾರ್ಕಿನ ಹಾರ್ಲೆಮ್ ಬಡಾವಣೆಗೆ ಬಂದಳು. 1921ರಲ್ಲಿ ಹ್ಯಾರಿ ಪೇಸ್ ಎಂಬಾತ ಅಲ್ಲಿ ಬ್ಲ್ಯಾಕ್ ಸ್ವಾನ್ ಎಂಬ ಗ್ರಾಮಫೋನ್ ಕಂಪನಿಯನ್ನು ಸ್ಥಾಪಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಕಪ್ಪು ಹಂಸವೆಂದು ಬಿರುದು ಪಡೆದಿದ್ದ ಕರಿಯ ಗಾಯಕಿ ಎಲಿಜಬೆತ್ ಗ್ರೀನ್‌ಫೀಲ್ಡಳ ಸ್ಮರಣೆಗಾಗಿ ಇಟ್ಟ ಹೆಸರಿದು. ಕರಿಯರೇ ಒಡೆಯರಾಗಿದ್ದು ದೇಶದಲ್ಲೆಲ್ಲ ಪ್ರಸಿದ್ಧಿಗೆ ಬಂದ ಮೊದಲ ಗ್ರಾಮಫೋನ್ ಕಂಪನಿಯೆಂದರೆ ಇದೇ. ಇದರ ನಿರ್ದೇಶಕರಲ್ಲಿ ಪ್ರಸಿದ್ಧ ವಿದ್ವಾಂಸನಾದ ಡುಬೋಯಿಸನೂ ಒಬ್ಬನಾಗಿದ್ದನು. ಪ್ರತಿಷ್ಠಿತರಿಗೆ ಒಪ್ಪುವ ಸಂಗೀತವನ್ನೇ ಕೊಡಬೇಕೆಂಬ ಹಂಬಲ ಕಂಪನಿಯದು. ಆದರೆ ಅದನ್ನು ಮೊದಲು ನಿಲ್ಲಿಸಿ ನಡೆಸಿದ್ದು ಎಥೆಲ್ ಹಾಡಿದ ಬ್ಲೂಸ್ ತಟ್ಟೆ. ಪಿಯಾನೋದಲ್ಲಿ ಜೊತೆಗೊಟ್ಟವನು ಫ್ಲೆಚರ್ ಹೆಂಡರ್ಸನ್; ವಿದ್ಯಾವಂತ, ಶಿಷ್ಟ ಸಂಗೀತದಲ್ಲಿ ನುರಿತವನು. ಆತನ ಕೈಯಲ್ಲಿ ಬ್ಲೂಸಿನ ನಡಿಗೆ ಬರಲಿಲ್ಲವೆಂದು ಎಥೆಲ್ ಆತನನ್ನು ಬೇರೊಬ್ಬ ಪಿಯಾನೋ ಗಾರುಡಿಗನಾದ ಜೇಮ್ಸ್ ಜಾನ್ಸನ್ನನ ವಾದನವನ್ನು ಕೇಳಿ ಕಲಿಯುವಂತೆ ಮಾಡಿದಳು. ಮುಂದೆ ಜಾಜ್ ವಾದ್ಯಮೇಳಗಳ ರೂಪವನ್ನೇ ತಿದ್ದಿದವರಲ್ಲಿ ಈ ಹೆಂಡರ್ಸನ್ ಒಬ್ಬನಾದನು.

ಕಂಪನಿ ಹೆಚ್ಚು ಕಾಲ ಬಾಳಲಿಲ್ಲ. 1923ರ ಕೊನೆಗೆ ದಿವಾಳಿಯೆದ್ದು, 1924ರಲ್ಲಿ ಅದರ ತಟ್ಟೆಗಳು ಪ್ಯಾರಮೌಂಟ್ ಕಂಪನಿಯ ಕೈಸೇರಿದುವು. ಎಥೆಲ್‌ಳ ಕೀರ್ತಿಯಾದರೋ ಏರುತ್ತಲೇ ಹೋಯಿತು. 1925ರಲ್ಲಿ ಕೊಲಂಬಿಯಾ ಕಂಪನಿಗೆ ಹಾಡಿದಳು; 1927ರಲ್ಲಿ ಬ್ರಾಡ್ವೇಯ ವೇದಿಕೆಯನ್ನು ಕಂಡಳು; 1929ರಲ್ಲಿ ವರ್ಣದ ವಾಕ್ಚಿತ್ರವೊಂದರಲ್ಲಿ ಹಾಡಿದಳು. 1933ರಲ್ಲಿ ಕಾಟನ್ ಕ್ಲಬ್ಬಿನಲ್ಲಿ ಆಕೆ ಹಾಡಿದ ಬಿರುಗಾಳಿಯ ಹಾಡು ನಗರದಲ್ಲೆಲ್ಲ ಮಾತಾಯಿತು. ಆ ಕ್ಲಬ್ಬಿನ ರೀತಿಯನ್ನು ವಾಚಕರು ಗಮನಿಸಬೇಕು. ಹಾಡುವವರು, ಕುಣಿಯುವವರು, ಬಡಿಸುವವರು ಎಲ್ಲರೂ ಕರಿಯರು. ಕುರ್ಚಿಗಳ ಮೇಲೆ ಕುಳಿತು ಕೇಳುವ ಹಕ್ಕು ಮಾತ್ರ ಬಿಳಿಯರದು. ಹಾಡುವವಳ ನಂಟರೇ ಬಂದರೂ ಬಾಗಿಲಲ್ಲಿ ತಡೆಯುವ ಕಟ್ಟಳೆ!

ಅಲ್ಲಿ ಆಕೆಯ ಹಾಡನ್ನು ಕೇಳಿದವರಲ್ಲಿ ಇರ್ವಿಂಗ್ ಬರ್ಲಿನ್ ಒಬ್ಬ. ಆತ ಅದೇ ವರ್ಷ ಆಕೆಯನ್ನು ತನ್ನ ಹೊಸ ರಂಗಪ್ರಯೋಗಕ್ಕೆ ಸೇರಿಸಿಕೊಂಡನು. ಸೆಪ್ಟೆಂಬರ್ 30ರಂದು ಮ್ಯೂಸಿಕ್ ಬಾಕ್ಸ್ ಥಿಯೇಟರಿನಲ್ಲಿ ಆರಂಭವಾದ ಆ ಪ್ರಯೋಗ ವೃತ್ತಪತ್ರಿಕೆಯ ಮಾದರಿಯಲ್ಲಿ ಕಟ್ಟಿದ್ದು. ಒಂದೊಂದು ದೃಶ್ಯಕ್ಕೂ ಪತ್ರಿಕೆಯ ತಲೆಬರಹ. ಹಾಸ್ಯ, ನೃತ್ಯ, ಶ್ರೀಮಂತರ ಲೇವಡಿ ಇವೆಲ್ಲ ನಡೆಯುತ್ತಿರುವಾಗ ನಡುವೆ ಒಂದು ತಲೆಬರಹ: ಗುಂಪೊಂದು ಒಬ್ಬ ಕರಿಯನನ್ನು ಕೊಂದಿತೆಂಬ ಸುದ್ದಿ. ವೇದಿಕೆಯ ಮೇಲೆ ಒಬ್ಬ ಹೆಂಗಸು. ಮಕ್ಕಳಿಗೆ ರಾತ್ರಿಯ ಊಟಕ್ಕೆ ಅಣಿಮಾಡುವ ಹೊತ್ತು. ಅವರ ತಂದೆ ಇನ್ನು ಮನೆಗೆ ಬರುವುದಿಲ್ಲ. ಅದನ್ನು ಆ ಮಕ್ಕಳಿಗೆ ಹೇಗೆ ಹೇಳಬೇಕು? ಎಥೆಲ್ ಹಾಡಿದ್ದು ಇದನ್ನು. ನಗಲೆಂದು ಬೆಲೆತೆತ್ತು ಬಂದ ಸಭೆಯ ಮುಂದೆ ಇಂಥದೊಂದು ಹಾಡನ್ನು ಇಡಬಹುದೇ ಎಂದು ಹಿಂಜರಿದವರಿದ್ದರು. ಹಾಡು ಉಳಿಯಿತು, ಸಭೆ ಕೇಳಿತು, ಪ್ರಯೋಗ 400 ಬಾರಿ ನಡೆಯಿತು.

ಗಾಯಕಿ ನಟಿಯಾದದ್ದು ಎಂದೆಂದು ಯಾರಾದರೂ ಕೇಳಿದರೆ ನಾವು ಈ ಹಾಡನ್ನು ತೋರಿಸುವೆವು. ಇಲ್ಲಿ ಸಂಗೀತದ ಬೆಡಗಿಗೆ ಎಡೆಯಿಲ್ಲ. ಪಾತ್ರವೊಂದು ಬದುಕಿನ ಅತಿ ಕಠಿನವಾದ ಗಳಿಗೆಯಲ್ಲಿ ನಿಂತಿದೆ. ಕೈಗಳು ದಿನದ ಕೆಲಸವನ್ನು ಮಾಡುತ್ತಿವೆ. ದೇಶವೊಂದು ಸುದ್ದಿಯೆಂದು ಓದಿ ಮಡಿಸಿಡುತ್ತಿದ್ದುದನ್ನು ಆಕೆ ಒಂದು ಮನೆಯ ಸಂಕಟವನ್ನಾಗಿ ಮಾಡಿ ತೋರಿಸಿದಳು.

ಅನಂತರದ ಹೆಜ್ಜೆ ಹಾಡಿಲ್ಲದ ಅಭಿನಯದ ಕಡೆಗೆ. 1939ರ ಜನವರಿ 3ರಂದು ಎಂಪೈರ್ ಥಿಯೇಟರಿನಲ್ಲಿ ಹೇವರ್ಡ್ ದಂಪತಿಗಳ 'ಮಾಂಬಾಸ್ ಡಾಟರ್ಸ್' ಎಂಬ ಗಂಭೀರ ನಾಟಕದಲ್ಲಿ ಆಕೆ ಹೇಗರ್ ಎಂಬ ತಾಯಿಯ ಪಾತ್ರವನ್ನು ವಹಿಸಿದಳು. ಮಗಳ ಮಾನಕ್ಕಾಗಿ ತನ್ನನ್ನೇ ಬಲಿಗೊಡುವ ಈ ಹೆಂಗಸಿನಲ್ಲಿ ಎಥೆಲ್ ತನ್ನ ಹೆತ್ತವಳನ್ನು ಕಂಡಳು. ಮೊದಲ ರಾತ್ರಿ ಪರದೆ ಬಿದ್ದಮೇಲೆ ಸಭೆ ಆಕೆಯನ್ನು ಹದಿನೇಳು ಬಾರಿ ಮತ್ತೆ ವೇದಿಕೆಗೆ ಕರೆಯಿತು. ಆದರೂ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಿಮರ್ಶಕ ಬ್ರೂಕ್ಸ್ ಆಟ್ಕಿನ್ಸನ್ ಆಕೆಯ ಅಭಿನಯವನ್ನು ಮೆಚ್ಚಲಿಲ್ಲ. ಆಗ ಆಕೆಯ ಅಭಿಮಾನಿಗಳಾದ ಕಲಾವಿದರೂ ಬರೆಹಗಾರರೂ ಕೂಡಿ, ಹಣ ತೆತ್ತು, ಅದೇ ಪತ್ರಿಕೆಯಲ್ಲಿ ಆಕೆಯನ್ನು ಹೊಗಳಿ ಪ್ರಕಟಣೆ ಹಾಕಿಸಿದರು. ವಿಮರ್ಶಕ ಎರಡನೆಯ ಸಾರಿ ನಾಟಕಕ್ಕೆ ಹೋಗಿ ತನ್ನ ಅಭಿಪ್ರಾಯವನ್ನು ತಿದ್ದಿಕೊಂಡನು.

1940ರಲ್ಲಿ 'ಕ್ಯಾಬಿನ್ ಇನ್ ದಿ ಸ್ಕೈ' ಎಂಬ ಸಂಗೀತನಾಟಕದಲ್ಲಿ ಪೆಟೂನಿಯಾ ಎಂಬ ಸಾಧ್ವಿಯ ಪಾತ್ರ. 1943ರಲ್ಲಿ ಅದೇ ಕಥೆ ಚಲಚ್ಚಿತ್ರವಾದಾಗಲೂ ಅದೇ ಪಾತ್ರ. ಚಿತ್ರ ತಯಾರಾಗುವಾಗ ಆಕೆಗೂ ಜೊತೆಯವರಿಗೂ ಜಗಳವಾಯಿತು. ಆಕೆಯ ಕೋಪ ಬಹಳ ತೀಕ್ಷ್ಣ; ಬಾಲ್ಯದಿಂದ ಯಾರನ್ನೂ ನಂಬದೆ ಬೆಳೆದವಳ ಸಂಶಯ ಅದರ ಹಿಂದೆ ಇತ್ತು. ಆ ಜಗಳದ ಫಲವಾಗಿ ಆರು ವರ್ಷ ಹಾಲಿವುಡ್ಡಿನ ಬಾಗಿಲು ಆಕೆಗೆ ಮುಚ್ಚಿತು.

1949ರಲ್ಲಿ ಎಲಿಯಾ ಕಜಾನ್ ನಿರ್ದೇಶಿಸಿದ 'ಪಿಂಕಿ' ಚಿತ್ರದಿಂದ ಬಾಗಿಲು ಮತ್ತೆ ತೆರೆಯಿತು. ಬಿಳಿಯಳಂತೆ ಕಾಣುವ ಕರಿಯ ಯುವತಿಯ ಕಥೆ ಇದು. ಯುವತಿಯ ಪಾತ್ರವನ್ನು ಬಿಳಿಯ ನಟಿಗೇ ಕೊಟ್ಟರು. ಬಟ್ಟೆ ಒಗೆದು ಅವಳನ್ನು ಓದಿಸಿದ ಅಜ್ಜಿಯ ಪಾತ್ರ ಎಥೆಲ್‌ಗೆ. ಇದಕ್ಕಾಗಿ ಆಕೆಯ ಹೆಸರು ಆಸ್ಕರ್ ಪಾರಿತೋಷಕಕ್ಕೆ ಸೂಚಿತವಾಯಿತು. ಕರಿಯ ಕಲಾವಿದರಲ್ಲಿ ಅಭಿನಯಕ್ಕಾಗಿ ಹಾಗೆ ಸೂಚಿತರಾದವರಲ್ಲಿ ಈಕೆ ಎರಡನೆಯವಳು. ಮೊದಲನೆಯವಳು ಹ್ಯಾಟೀ ಮೆಕ್‌ಡ್ಯಾನಿಯಲ್. ಟೆಕ್ಸಾಸಿನ ಮಾರ್ಷಲ್ ಪಟ್ಟಣದಲ್ಲಿ ಈ ಚಿತ್ರವನ್ನು ತೋರಿಸಿದ್ದಕ್ಕೆ ಚಿತ್ರಮಂದಿರದವನಿಗೆ ಶಿಕ್ಷೆಯಾಗಿ, 1952ರಲ್ಲಿ ದೇಶದ ಪರಮೋಚ್ಚ ನ್ಯಾಯಾಲಯ ಆ ಶಿಕ್ಷೆಯನ್ನು ರದ್ದುಪಡಿಸಿತು.

1950ರ ಜನವರಿಯಲ್ಲಿ ಕಾರ್ಸನ್ ಮೆಕಲರ್ಸಳ 'ದಿ ಮೆಂಬರ್ ಆಫ್ ದಿ ವೆಡ್ಡಿಂಗ್' ನಾಟಕ ಆರಂಭವಾಯಿತು. ಅಡಿಗೆಯ ಬೆರನೀಸ್ ಎಂಬವಳ ಪಾತ್ರವನ್ನು ಎಥೆಲ್ ಮೊದಲು ಒಪ್ಪಲಿಲ್ಲ. ಆ ಹೆಂಗಸಿನಲ್ಲಿ ದೇವರ ನಂಬಿಕೆಯಿಲ್ಲ, ಇಂಥವಳನ್ನು ತಾನು ಆಡಲಾರೆನೆಂದಳು. ಪಾತ್ರವನ್ನು ತನ್ನ ರೀತಿಯಲ್ಲಿ ಅರ್ಥಮಾಡಿಕೊಳ್ಳುವ ಸ್ವಾತಂತ್ರ್ಯ ದೊರೆತಮೇಲೆಯೇ ಒಪ್ಪಿದಳು. ನಾಟಕದೊಳಗಿನ ಹಾಡನ್ನು ಬಿಡಿಸಿ, ತಾನು ಬಾಲ್ಯದಿಂದ ಬಲ್ಲ ಸ್ತೋತ್ರವನ್ನು ಹಾಡಿದಳು. ನಾಟಕ 501 ಪ್ರಯೋಗಗಳನ್ನು ಕಂಡಿತು. ಆ ಸ್ತೋತ್ರದ ಹೆಸರನ್ನೇ 1951ರಲ್ಲಿ ತನ್ನ ಆತ್ಮಕಥೆಗೂ ಇಟ್ಟಳು.

ಇಲ್ಲಿ ಒಂದು ಆಕ್ಷೇಪವನ್ನು ವಿಚಾರಮಾಡಬೇಕು. ಆಕೆಯ ದೊಡ್ಡ ಪಾತ್ರಗಳನ್ನು ಸಾಲಾಗಿ ಇಟ್ಟುನೋಡಿದರೆ ಎಲ್ಲಿಯೂ ಒಗೆಯುವವಳು, ಅಡಿಗೆಯವಳು, ಮನೆಗೆಲಸದವಳು. 1950ರಲ್ಲಿ ಟೆಲಿವಿಷನ್ನಿನಲ್ಲಿ ಆಕೆ ನಾಯಕಿಯಾದ ಧಾರಾವಾಹಿಯಲ್ಲಿಯೂ ಬ್ಯೂಲಾ ಎಂಬ ಕೆಲಸದವಳೇ. ಒಂದು ವರ್ಷದಲ್ಲಿ ಆಕೆ ಅದನ್ನು ಬಿಟ್ಟಳು. ಕರಿಯ ಹೆಂಗಸೆಂದರೆ ಬಿಳಿಯರ ಅಡಿಗೆಮನೆಯಲ್ಲಿಯೇ ಇರಬೇಕೆಂಬ ಭಾವನೆಯನ್ನು ಇಂಥ ಪಾತ್ರಗಳು ಬೆಳೆಸಿದುವೆಂದು ಅನೇಕರು ದೂರಿದರು. ದೂರು ಸುಳ್ಳಲ್ಲ. ಆದರೆ ಅದರ ಭಾರವನ್ನೆಲ್ಲ ನಟಿಯ ಮೇಲೆ ಹೊರಿಸುವುದು ನ್ಯಾಯವೇ? ಪಾತ್ರಗಳನ್ನು ಬರೆದವರು, ಹಂಚಿದವರು ಬೇರೆಯವರು. ಒಗೆಯುವ ಅಜ್ಜಿ ಆಕೆಗೆ ಕಥೆಯಲ್ಲ, ತನ್ನನ್ನು ಸಾಕಿದವಳು. ಬರೆದವರು ಆ ಹೆಂಗಸನ್ನು ಮನೆಯ ಸಾಮಾನಿನಂತೆ ಒಂದು ಮೂಲೆಯಲ್ಲಿ ಇಟ್ಟಿದ್ದರೆ, ಎಥೆಲ್ ಅವಳಿಗೆ ನೆನಪನ್ನೂ ರೋಷವನ್ನೂ ದೈವಭಕ್ತಿಯನ್ನೂ ಕೊಟ್ಟು ಮನುಷ್ಯಳನ್ನಾಗಿ ಮಾಡಿದಳು. ಬೇರೆ ಪಾತ್ರಗಳು ದೊರೆತಿದ್ದರೆ ಆಕೆ ಇನ್ನೇನನ್ನು ಮಾಡುತ್ತಿದ್ದಳೋ ಎಂಬ ನಷ್ಟ ಮಾತ್ರ ಉಳಿಯುತ್ತದೆ. ಆ ನಷ್ಟ ಆಕೆಯದು ಮಾತ್ರವಲ್ಲ, ರಂಗಭೂಮಿಯದೂ ಹೌದು.

ಕೊನೆಯ ದಿನಗಳಲ್ಲಿ ಗಳಿಸಿದ ಹಣವೆಲ್ಲ ಕರಗಿತು; ದೇಹ ಬಹಳ ಸ್ಥೂಲವಾಗಿ ರೋಗಗಳಿಗೆ ಮನೆಯಾಯಿತು. 1957ರಿಂದ ಬಿಲ್ಲಿ ಗ್ರಹಾಮನ ಧಾರ್ಮಿಕ ಸಭೆಗಳಲ್ಲಿ ಸ್ತೋತ್ರಗಳನ್ನು ಹಾಡತೊಡಗಿದಳು. ನಟಿಯೂ ಪೂರ್ತಿಯಾಗಿ ಮರೆಯಾಗಲಿಲ್ಲ. 1961ರಲ್ಲಿ 'ರೂಟ್ 66' ಎಂಬ ಟೆಲಿವಿಷನ್ ಮಾಲೆಯ ಒಂದು ಕಥೆಯಲ್ಲಿ, ಮರಣಶಯ್ಯೆಯಲ್ಲಿ ಮಲಗಿ ತನ್ನ ಹಳೆಯ ವಾದ್ಯಮೇಳದವರನ್ನು ಇನ್ನೊಮ್ಮೆ ಕೂಡಿಸಬೇಕೆಂದು ಹಂಬಲಿಸುವ ವೃದ್ಧ ಗಾಯಕಿಯ ಪಾತ್ರ ಆಕೆಗೆ ಬಂದಿತು. ಅದು ಅಡಿಗೆಯವಳ ಪಾತ್ರವಲ್ಲ; ಹಾಡಿಯೇ ಬಾಳಿದ ಹೆಂಗಸಿನ ಪಾತ್ರ. ಅದಕ್ಕಾಗಿ 1962ರಲ್ಲಿ ಎಮ್ಮಿ ಪಾರಿತೋಷಕಕ್ಕೆ ಆಕೆಯ ಹೆಸರು ಸೂಚಿತವಾಯಿತು.

1977ರ ಸೆಪ್ಟೆಂಬರ್ 1ರಂದು ಕ್ಯಾಲಿಫೋರ್ನಿಯಾದಲ್ಲಿ ಆಕೆ ತೀರಿಕೊಂಡಳು, ವಯಸ್ಸು ಎಂಬತ್ತು. 1994ರಲ್ಲಿ ಅಮೆರಿಕೆಯ ಸರಕಾರ ಆಕೆಯ ಚಿತ್ರವಿರುವ ಅಂಚೆಚೀಟಿಯನ್ನು ಹೊರಡಿಸಿತು. ಹೋಟೆಲಿನ ಕೋಣೆಗಳನ್ನು ಗುಡಿಸುತ್ತಿದ್ದ ಹುಡುಗಿಯ ಮುಖ ಹೀಗೆ ಮನೆಮನೆಯ ಕಾಗದದ ಮೇಲೆ ಹೋಯಿತು. ಆಕೆಯ ಹಳೆಯ ತಟ್ಟೆಗಳನ್ನು ಈಗಲೂ ಕೇಳಬಹುದು. ಕೇಳುವವರು ರಾಗವನ್ನು ಮಾತ್ರ ಹಿಡಿಯದೆ, ಹಾಡಿನೊಳಗೆ ನಿಂತು ಮಾತಾಡುವ ಹೆಂಗಸನ್ನೂ ಗುರುತಿಸಿದರೆ ಆಕೆಯ ಎರಡು ಕಲೆಗಳಿಗೂ ನ್ಯಾಯ ಸಂದಂತಾಗುತ್ತದೆ.